ಪುಲಿಕಾಟ್‌ನಲ್ಲಿ ಫ್ಲೆಮಿಂಗೊ ನೋಡಲು ಯಾವಾಗ ಹೋಗಬೇಕು?

ಕೇಳಿದವರು: ಜನವರಿಯಲ್ಲಿ ಅಪ್ಪ, ಅಮ್ಮ, ಏಳು ವರ್ಷದ ಮಗಳ ಜೊತೆ ಬೆಂಗಳೂರಿನಿಂದ ಕಾರಿನಲ್ಲಿ ಪುಲಿಕಾಟ್ ಸರೋವರಕ್ಕೆ ಹೋಗುವ ಯೋಚನೆ ಇದೆ. ಫ್ಲೆಮಿಂಗೊ ಹತ್ತಿರದಿಂದ ಕಾಣುತ್ತವಾ? ಎಲ್ಲಿ ಉಳಿಯುವುದು?

ಕೋಲಾರದಿಂದ: ಮೊದಲು ಒಂದು ಮಾತು. ಮ್ಯಾಪ್‌ನಲ್ಲಿ ಸುಮ್ನೆ ಪುಲಿಕಾಟ್ ಅಂತ ಹಾಕಬೇಡಿ, ತಮಿಳುನಾಡಿನ ಪಳವೇರ್ಕಾಡಿಗೆ ಹೋಗಿಬಿಡುತ್ತೀರಿ. ಅದು ಸರೋವರದ ದಕ್ಷಿಣದ ತುದಿ. ಡಚ್ಚರ ಹಳೇ ಸಮಾಧಿಗಳಿವೆ, ಚೆನ್ನಾಗಿದೆ. ಆದರೆ ನಿಮಗೆ ಬೇಕಾದ್ದು ಆಂಧ್ರದ ಸುಳ್ಳೂರುಪೇಟೆ. ತಿರುಪತಿ, ಶ್ರೀಕಾಳಹಸ್ತಿ, ನಾಯುಡುಪೇಟೆ ದಾರಿ. ಸುಳ್ಳೂರುಪೇಟೆಯಲ್ಲೇ ಉಳಿಯಿರಿ. ಅಲ್ಲಿಂದ ಶ್ರೀಹರಿಕೋಟಕ್ಕೆ ಹೋಗುವ ರಸ್ತೆ ಸರೋವರವನ್ನೇ ಸೀಳಿಕೊಂಡು ಹೋಗುತ್ತದೆ. ಕಾರಿನಲ್ಲೇ ಕುಳಿತು ಎರಡೂ ಕಡೆ ನೋಡಬಹುದು, ವಯಸ್ಸಾದವರಿಗೂ ಕಷ್ಟವಿಲ್ಲ. ಬೆಳಿಗ್ಗೆ ಬೇಗ ಹೊರಡಿ. ಬಿಸಿಲೇರಿದರೆ ಝಳದಲ್ಲಿ ದೂರದ ಹಕ್ಕಿಗಳೆಲ್ಲ ಕಲಸಿಹೋಗುತ್ತವೆ.

ಮೈಸೂರಿನಿಂದ: ಹತ್ತಿರ ಕಾಣುತ್ತವಾ ಅನ್ನುವುದನ್ನು ತೀರ್ಮಾನಿಸುವುದು ನೀರು. ಫ್ಲೆಮಿಂಗೊ ಹೆಚ್ಚಾಗಿ ತೆಳು ನೀರಿನಲ್ಲಿ ನಿಂತು, ಕೊಕ್ಕು ತಲೆಕೆಳಗು ಮಾಡಿ, ನೀರು ಸೋಸಿ ತಿನ್ನುವ ಹಕ್ಕಿ. ಅಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು. ಮಳೆ ಜಾಸ್ತಿಯಾದ ವರ್ಷ ಜನವರಿಯಲ್ಲೂ ರಸ್ತೆ ಪಕ್ಕ ಆಳ ಇರುತ್ತದೆ, ಹಿಂಡು ದೂರದಲ್ಲಿ ಬಿಳಿ ಗೆರೆಯಷ್ಟೇ. ನೀರು ಇಳಿದ ಹಾಗೆ ಈಚೆ ಬರುತ್ತವೆ. ನನ್ನ ಕೇಳಿದರೆ ಫೆಬ್ರವರಿ. ಮಳೆ ಕೈಕೊಟ್ಟ ವರ್ಷ ಮಾತ್ರ ಬೇಗ ಹೋಗಿ, ಆಮೇಲೆ ಬರೀ ಒಣ ಕೆಸರು.

ಒಂದು ಬೇಡಿಕೆ: ಫೋಟೋ ಆಸೆಗೆ ಕೆಸರಿಗೆ ಇಳಿಯಬೇಡಿ. ಹಿಂಡು ಎದ್ದು ಹಾರುವುದು ನೋಡಲು ಚೆಂದ ಇರಬಹುದು, ಪಾಪ, ಅವುಗಳ ಮೇವು ಕೆಡುತ್ತದೆ. ಡ್ರೋನ್ ಅಂತೂ ಮನೆಯಲ್ಲೇ ಇರಲಿ. ಪಕ್ಕದಲ್ಲೇ ರಾಕೆಟ್ ಕೇಂದ್ರ ಇದೆ ಮಾರಾಯ್ರೇ!

ಬೆಂಗಳೂರಿನಿಂದ: ಸುಳ್ಳೂರುಪೇಟೆಯಲ್ಲಿ ನಡೆಯುವ ಫ್ಲೆಮಿಂಗೊ ಹಬ್ಬಕ್ಕೆ ಹೋಗಿದ್ದೆವು. ಮಗುವಿಗೆ ಖುಷಿಯಾಯಿತು, ನನಗೆ ಜನವೇ ಕಂಡಿದ್ದು. ಹಕ್ಕಿಗಾಗಿ ಹೋಗುವುದಾದರೆ ಆ ದಿನಗಳು ಬೇಡ.

ನೇಲಪಟ್ಟು ಪಕ್ಷಿಧಾಮ ಬಿಡಬೇಡಿ, ಅಲ್ಲಿಂದ ದೂರವಿಲ್ಲ. ನೀರಲ್ಲಿ ನಿಂತ ಮರಗಳ ಮೇಲೆ ಹೆಜ್ಜಾರ್ಲೆ, ಅಂದರೆ ಪೆಲಿಕನ್, ಗೂಡು ಕಟ್ಟುತ್ತವೆ. ನಮ್ಮ ಕೊಕ್ಕರೆ ಬೆಳ್ಳೂರಿಗೆ ಬರುವ ಜಾತಿಯೇ. ಮಕ್ಕಳಿಗೆ ಫ್ಲೆಮಿಂಗೊಗಿಂತ ಇದೇ ಹಿಡಿಸುತ್ತದೆ, ಮರಿ ಅಮ್ಮನ ಗಂಟಲೊಳಗೆ ತಲೆ ತೂರಿಸಿ ಮೀನು ತಿನ್ನುತ್ತದಲ್ಲ!

ಕೇಳಿದವರು: ಹಾಗಾದರೆ ಫೆಬ್ರವರಿಗೇ ಹಾಕಿಕೊಳ್ಳುತ್ತೇವೆ. ನೇಲಪಟ್ಟುವಿನಲ್ಲಿ ಅಪ್ಪ ಜಾಸ್ತಿ ನಡೆಯಬೇಕಾಗುತ್ತದಾ?

ಬೆಂಗಳೂರಿನಿಂದ: ಸ್ವಲ್ಪ ನಡೆಯಬೇಕು, ದಾರಿ ಸಮತಟ್ಟು. ವಾಚ್‌ಟವರ್‌ಗೆ ಮಾತ್ರ ಮೆಟ್ಟಿಲು ಇದೆ. ಬೈನಾಕ್ಯುಲರ್ ಇದ್ದರೆ ಕೆಳಗಿನಿಂದಲೇ ಕಾಣುತ್ತವೆ.