ಸಣ್ಣ ಬ್ರೂವರಿಯ ಎಂಟು ಬಾಟಲಿಗಳು: ದೋಷ ತಯಾರಿಕೆಯದೋ, ಅಂಗಡಿಯದೋ?

ಪ್ರಶ್ನೆ (ಕಾರವಾರದಿಂದ)

ಕಳೆದ ವಾರ ಗೋವಾದ ಕಾಣಕೋಣದಲ್ಲಿರುವ ಗೆಳೆಯನ ಮನೆಗೆ ಹೋಗಿದ್ದಾಗ, ಆ ರಾಜ್ಯದಲ್ಲಿಯೇ ತಯಾರಾಗುವ ಒಂದು ಸಣ್ಣ ಬ್ರೂವರಿಯ ನಾಲ್ಕು ಬಗೆಯ ಬಿಯರುಗಳನ್ನು, ಬಗೆಗೆ ಎರಡರಂತೆ 330 ಮಿಲಿಲೀಟರಿನ ಎಂಟು ಬಾಟಲಿ ತಂದು, ಮೂವರು ಕುಳಿತು ನಿಧಾನವಾಗಿ ರುಚಿ ನೋಡಿದೆವು. ಲಾಗರ್, ಗೋಧಿ ಬಿಯರ್, ಕಹಿ ಮುಂದಾದ ಐಪಿಎ (ಇಂಡಿಯಾ ಪೇಲ್ ಏಲ್) ಮತ್ತು ಪೋರ್ಟರ್ ಎಂಬ ಕಪ್ಪು ಬಿಯರ್. ಎಲ್ಲವೂ ಒಂದೇ ಅಂಗಡಿಯಿಂದ ತಂದವು, ಎಲ್ಲವನ್ನೂ ಫ್ರಿಜ್ಜಿನಲ್ಲಿ ಒಂದೇ ಹೊತ್ತು ಇಟ್ಟಿದ್ದೆವು. ಆದರೂ ಒಂದೇ ಹೆಸರಿನ ಎರಡು ಬಾಟಲಿಗಳು ಒಂದೇ ರುಚಿ ಕೊಡಲಿಲ್ಲವೆಂಬುದೇ ನನ್ನನ್ನು ಇಲ್ಲಿ ಬರೆಯುವಂತೆ ಮಾಡಿದೆ.

ಲಾಗರ್ ಹಸಿರು ಬಾಟಲಿಯಲ್ಲಿತ್ತು, ಉಳಿದವು ಕಂದು ಬಾಟಲಿಯಲ್ಲಿದ್ದವು. ಮೊದಲ ಲಾಗರಿನ ಮುಚ್ಚಳ ತೆಗೆದು ಗ್ಲಾಸಿಗೆ ಸುರಿಯುತ್ತಿದ್ದಂತೆ, ಸಿಲಿಂಡರ್ ಸೋರುತ್ತಿರಬಹುದೆಂದು ಗೆಳೆಯ ಎದ್ದು ಹೋಗಿ ರೆಗ್ಯುಲೇಟರ್ ಮುಟ್ಟಿ ನೋಡಿ ಬಂದ. ವಾಸನೆ ಅಷ್ಟು ಸ್ಪಷ್ಟವಾಗಿತ್ತು. ಎರಡನೆಯ ಲಾಗರಿನಲ್ಲಿ ಅದರ ಸುಳಿವೇ ಇರಲಿಲ್ಲ. ಗೋಧಿ ಬಿಯರಿನಲ್ಲಿ ಬಾಳೆಹಣ್ಣಿನ ಪರಿಮಳವಿತ್ತು, ಆದರೆ ನನ್ನ ಗ್ಲಾಸಿನಲ್ಲಿ ಅದು ತಿಳಿಯಾಗಿ ನೀರಾಗಿತ್ತು, ಗೆಳೆಯನ ಗ್ಲಾಸಿನಲ್ಲಿ ಮಸುಕಾಗಿ ದಪ್ಪವಾಗಿತ್ತು. ಐಪಿಎ ಎರಡೂ ಬಾಟಲಿಗಳಲ್ಲಿ ಮಳೆಗೆ ನೆನೆದ ರಟ್ಟಿನ ಡಬ್ಬದಂತಿತ್ತು. ಲೇಬಲ್ಲಿನ ಮೇಲೆ ತಯಾರಾಗಿ ಏಳು ತಿಂಗಳಾದ ದಿನಾಂಕವಿತ್ತು. ಪೋರ್ಟರಿನಲ್ಲಿ ಮೊದಲಿಗೆ ಏನೂ ಹತ್ತಲಿಲ್ಲ, ಗ್ಲಾಸು ಮರೆತು ಮಾತಿಗೆ ಕುಳಿತು ಅರ್ಧ ಗಂಟೆಯ ಮೇಲೆ ಕುಡಿದಾಗ ಫಿಲ್ಟರ್ ಕಾಫಿಯ ಹಾಗೆ ಘಮಘಮಿಸಿತು. ಇದರಲ್ಲಿ ಬ್ರೂವರಿಯ ತಪ್ಪು ಎಷ್ಟು, ಅಂಗಡಿಯದೆಷ್ಟು, ನಮ್ಮದೆಷ್ಟು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಶಿರಸಿಯಿಂದ)

ಬಿಯರನ್ನು ತಾನೇ ತಯಾರಿಸಿ ಮಾರುವ ಬೆಂಗಳೂರಿನ ಒಂದು ಬ್ರೂಪಬ್ಬಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಈಗ ಊರಿಗೆ ಮರಳಿ ಅಡಿಕೆ ತೋಟ ನೋಡಿಕೊಳ್ಳುತ್ತಿರುವವನು ನಾನು, ತಿಳಿದಷ್ಟನ್ನು ಹೇಳುತ್ತೇನೆ.

ನಿಮ್ಮ ಗೆಳೆಯ ಸಿಲಿಂಡರ್ ನೋಡಲು ಎದ್ದದ್ದು ತಪ್ಪಲ್ಲ. ಹಾಪ್ಸ್ ಎಂಬ ಹೂವಿನಿಂದ ಬಿಯರಿಗೆ ಕಹಿ ಬರುತ್ತದೆ. ಆ ಕಹಿ ಕೊಡುವ ಪದಾರ್ಥಕ್ಕೆ ಬೆಳಕು ತಾಗಿದರೆ, ಬಿಯರಿನಲ್ಲಿಯೇ ಇರುವ ರೈಬೋಫ್ಲೇವಿನ್ ಎಂಬ ಜೀವಸತ್ವದ ನೆರವಿನಿಂದ ಅದು ಒಡೆದು, ಗಂಧಕವುಳ್ಳ ಥಯೋಲ್ ಎಂಬ ಸಂಯುಕ್ತವಾಗುತ್ತದೆ. ಅಡುಗೆ ಅನಿಲ ಸೋರಿದರೆ ತಿಳಿಯಲೆಂದು ಅದಕ್ಕೆ ಬೆರೆಸುವ ವಾಸನೆಯ ಪದಾರ್ಥವೂ ಇದೇ ಕುಲದ್ದು. ನೇರ ಬಿಸಿಲಿನಲ್ಲಿ ಇದಕ್ಕೆ ಕೆಲವು ನಿಮಿಷಗಳು ಸಾಕು, ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಕೆಲವು ದಿನಗಳು ಬೇಕಾಗಬಹುದು. ಕಂದು ಗಾಜು ಇಂಥ ಬೆಳಕನ್ನು ಬಹುಪಾಲು ತಡೆಯುತ್ತದೆ, ಹಸಿರು ಗಾಜಿನಿಂದ ಅದು ಅಷ್ಟಾಗಿ ಆಗುವುದಿಲ್ಲ. ನಿಮ್ಮ ಮೊದಲ ಬಾಟಲಿ ಶೋಕೇಸಿನ ಮುಂದಿನ ಸಾಲಿನಲ್ಲಿಯೂ ಎರಡನೆಯದು ಅದರ ಬೆನ್ನಿಗೂ ನಿಂತಿದ್ದಿರಬೇಕು. ಒಂದು ಕೆಟ್ಟು ಮತ್ತೊಂದು ಉಳಿದದ್ದಕ್ಕೆ ಬೇರೆ ಕಾರಣ ನನಗೆ ಹೊಳೆಯುವುದಿಲ್ಲ.

ಐಪಿಎಯ ಸಂಗತಿ ಬೇರೆ. ಮುಚ್ಚಳ ಹಾಕುವಾಗ ಒಳಗುಳಿದ ಅಲ್ಪ ಆಮ್ಲಜನಕದಿಂದ ಬಿಯರ್ ಹಳಸಿದಾಗ ಬರುವುದು ಆ ಒದ್ದೆ ರಟ್ಟಿನ ವಾಸನೆ. ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಹಳಸುವ ವೇಗ ಸುಮಾರು ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆಂಬುದು ನಾವು ಕೆಲಸದಲ್ಲಿ ಹಿಡಿಯುತ್ತಿದ್ದ ಲೆಕ್ಕ. ಹಾಗಿರುವಾಗ, 4 ಡಿಗ್ರಿಯ ತಂಪಿನಲ್ಲಿ ಇರಬೇಕಾದ ಬಾಟಲಿ ಕರಾವಳಿಯ ಬೇಸಿಗೆಯಲ್ಲಿ ತಗಡಿನ ಮಾಡಿನ ಗೋದಾಮಿನಲ್ಲಿ ಕುಳಿತರೆ ಏಳು ತಿಂಗಳಲ್ಲಿ ಏನು ಉಳಿದೀತು? ಐಪಿಎಯ ಜೀವವೇ ಹಾಪ್ಸಿನ ಪರಿಮಳ, ಮೊದಲು ಹೋಗುವುದೂ ಅದೇ. ಮಾವಿನಕಾಯಿಯಿಂದ ಮಾಡುವ ನಮ್ಮ ಅಪ್ಪೆಹುಳಿಯನ್ನು ನೆನಪಿಸಿಕೊಳ್ಳಿ: ಸೊನೆಯ ಘಮ ಹಾರಿಹೋದ ಅಪ್ಪೆಹುಳಿಯಲ್ಲಿ ಹುಳಿ, ಉಪ್ಪು, ಖಾರ ಎಲ್ಲ ಇದ್ದರೂ ಅದು ಅಪ್ಪೆಹುಳಿಯಲ್ಲ. ಇದು ಬರಿಯ ಹೋಲಿಕೆಯೂ ಅಲ್ಲ. ಮಾವಿನ ಪರಿಮಳದಲ್ಲಿರುವ ಮಿರ್ಸೀನ್ ಎಂಬ ಪದಾರ್ಥ ಹಾಪ್ಸಿನಲ್ಲಿಯೂ ಧಾರಾಳವಾಗಿದೆ.

ಗೋಧಿ ಬಿಯರಿಗೆ ಬಾಳೆಹಣ್ಣಿನ ಎಸೆನ್ಸ್ ಹಾಕಿದ್ದಾರೆಂದು ಹಲವರು ವಾದಿಸುವುದನ್ನು ಕೇಳಿದ್ದೇನೆ. ಜರ್ಮನ್ ಬಗೆಯದಾದರೆ ಹಣ್ಣೂ ಇಲ್ಲ, ಎಸೆನ್ಸೂ ಇಲ್ಲ. ಹುದುಗುವಾಗ ಯೀಸ್ಟ್ ತಾನೇ ಉಂಟುಮಾಡುವ ಐಸೋಅಮೈಲ್ ಅಸಿಟೇಟ್ ಎಂಬ ಪದಾರ್ಥವೇ ಬಾಳೆಹಣ್ಣಿನಲ್ಲಿಯೂ ಇದೆ; ಗಮನವಿಟ್ಟು ಮೂಸಿದರೆ ಹಿಂದೆಯೇ ಲವಂಗದ ವಾಸನೆಯೂ ಸಿಗುತ್ತದೆ. ಬೆಲ್ಜಿಯಂ ಬಗೆಯದಕ್ಕೆ ಮಾತ್ರ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಇನ್ನು, ತಳದಲ್ಲಿ ನಿಂತ ಬಿಳಿಯ ಗಸಿ ಯೀಸ್ಟೇ. ನೀವು ಗಸಿಯನ್ನು ಬಾಟಲಿಯಲ್ಲೇ ಬಿಟ್ಟು ಸುರಿದಿರಿ, ನಿಮ್ಮ ಗೆಳೆಯ ಅಲುಗಿಸಿ ಸುರಿದಿರಬೇಕು. ಮುಕ್ಕಾಲು ಭಾಗ ಸುರಿದ ಮೇಲೆ ಉಳಿದುದನ್ನು ಮೆಲ್ಲಗೆ ತಿರುಗಿಸಿ ಗಸಿಸಹಿತ ಗ್ಲಾಸಿಗೆ ಹಾಕುವುದು ವಾಡಿಕೆ.

ಪೋರ್ಟರಿನ ವಿಷಯದಲ್ಲಿ ತಪ್ಪು ನಿಮ್ಮದೇ, ಬೇಸರಿಸಬೇಡಿ. ಕಾಫಿ ಬೀಜದಂತೆ ಕಪ್ಪಾಗಿ ಹುರಿದ ಬಾರ್ಲಿಯ ಪರಿಮಳ ತಣ್ಣಗಿದ್ದಾಗ ಮೇಲೇಳುವುದಿಲ್ಲ. ಲಾಗರಿಗೆ 5 ಡಿಗ್ರಿ ಸರಿಯಾದರೆ ಇದಕ್ಕೆ 10ರಿಂದ 12 ಬೇಕು. ಫ್ರಿಜ್ಜಿನಿಂದ ತೆಗೆದು ಇಪ್ಪತ್ತು ನಿಮಿಷ ಮೇಜಿನ ಮೇಲಿಡಿ.

ಉತ್ತರ 2 (ಕುಮಟಾದಿಂದ)

ಶಿರಸಿಯವರು ರಸಾಯನಶಾಸ್ತ್ರವನ್ನು ಚೆನ್ನಾಗಿಯೇ ಹೇಳಿದ್ದಾರೆ. ನಾನು ಕೇಳಬೇಕೆಂದಿರುವುದು, ಜೊತೆಗೆ ಏನು ತಿಂದಿರಿ ಎಂದು. ರವೆ ಹಚ್ಚಿ ಹುರಿದ ಬಾಂಗಡೆಯನ್ನು ಕೈಯಲ್ಲಿ ಮುರಿದು ತಿಂದು ಅದೇ ತುಟಿಯನ್ನು ಗ್ಲಾಸಿಗೆ ಹಚ್ಚಿದರೆ, ಎಣ್ಣೆ ತಾಗಿ ನೊರೆ ಕಣ್ಣೆದುರೇ ಇಳಿದುಹೋಗುತ್ತದೆ, ನೊರೆಯೊಂದಿಗೆ ಪರಿಮಳವೂ ಕಡಿಮೆಯಾಗುತ್ತದೆ. ಸೋಪು ಸರಿಯಾಗಿ ಹೋಗದ ಗ್ಲಾಸಿನದೂ ಇದೇ ಕಥೆ. ಖಾರದ ಮೀನುಸಾರಿನ ಜೊತೆ ಐಪಿಎ ಕುಡಿದರೆ ಕಹಿ ಮತ್ತು ಖಾರ ಒಂದನ್ನೊಂದು ಕೆರಳಿಸುತ್ತವೆ. ಗೋಧಿ ಬಿಯರ್ ಅದಕ್ಕೆ ಹೊಂದುತ್ತದೆ. ರುಚಿ ನೋಡುವುದೇ ಉದ್ದೇಶವಾದರೆ ಮೊದಲು ಬಿಯರ್, ಆಮೇಲೆ ಮೀನು ಎಂದು ಇಟ್ಟುಕೊಳ್ಳುವುದು ಒಳ್ಳೆಯದು, ಅದು ಎಷ್ಟು ಕಷ್ಟವೆಂಬುದು ನನಗೂ ಗೊತ್ತು.

ತಾಜಾತನದ ಮಾತು ನಮ್ಮ ಕಡೆಯವರಿಗೆ ಹೊಸದೇನಲ್ಲ. ಬೆಳಿಗ್ಗೆ ಇಳಿಸಿದ ಶೇಂದಿ ಸಂಜೆಯ ಹೊತ್ತಿಗೆ ಹುಳಿಯಾಗಿರುತ್ತದೆಂದು ಎಲ್ಲರೂ ಬಲ್ಲರು, ಅದೇ ಜನ ಬಿಯರಿಗೆ ಮುಚ್ಚಳ ಬಿದ್ದೊಡನೆ ಅದು ಉಪ್ಪಿನಕಾಯಿಯಂತೆ ವರ್ಷಗಟ್ಟಲೆ ಇರುತ್ತದೆಂದು ನಂಬುತ್ತಾರೆ. ದೊಡ್ಡ ಕಂಪನಿಗಳು ತುಂಬಿದ ಬಾಟಲಿಗಳನ್ನು ಸುಮಾರು 60 ಡಿಗ್ರಿಗೆ ಕಾಯಿಸಿ, ಕೆಡಿಸುವ ಸೂಕ್ಷ್ಮಜೀವಿಗಳನ್ನು ಕೊಂದು ಪಾಶ್ಚರೀಕರಿಸುತ್ತವೆ, ಸಣ್ಣ ಬ್ರೂವರಿಗಳಲ್ಲಿ ಹಲವು ಹಾಗೆ ಮಾಡುವುದಿಲ್ಲ.

ಉತ್ತರ 3 (ಅಂಕೋಲಾದಿಂದ)

ಮೇಲಿನ ಇಬ್ಬರೂ ಭಾರವನ್ನೆಲ್ಲ ಅಂಗಡಿಯವನ ತಲೆಗೆ ಕಟ್ಟಿದಂತೆ ಕಾಣುತ್ತದೆ, ಇದನ್ನು ನಾನು ಒಪ್ಪಲಾರೆ. ಹಸಿರು ಬಾಟಲಿಯನ್ನು ಆರಿಸಿದವನು ಅಂಗಡಿಯವನಲ್ಲ. ಬಿಸಿಲು ಇಷ್ಟಿರುವ ಸೀಮೆಯಲ್ಲಿ, ನೋಡಲು ಚೆಂದವೆಂದು ಹಸಿರು ಗಾಜಿಗೆ ತುಂಬಿ, ಆಮೇಲೆ ನೆರಳಿನಲ್ಲಿಡಿ ಎಂದು ಲೇಬಲ್ಲಿನ ಮೂಲೆಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ಬರೆದರೆ ಜವಾಬ್ದಾರಿ ಮುಗಿಯಿತೇ? ಏಳು ತಿಂಗಳಾದ ಐಪಿಎ ಅಂಗಡಿಯಿಂದ ಹಿಂದಕ್ಕೆ ಬರುವಂತೆ ನೋಡಿಕೊಳ್ಳುವುದೂ ಬ್ರೂವರಿಯ ಕೆಲಸವೇ. ಸಣ್ಣವರೆಂಬ ಕನಿಕರ ಬೇರೆ, ಗ್ಲಾಸಿನಲ್ಲಿರುವುದು ಬೇರೆ.

ಜೊತೆಗೆ ಒಂದು ಮಾತು: ಮತ್ತೊಮ್ಮೆ ರುಚಿ ನೋಡುವುದಿದ್ದರೆ ಅಲ್ಲಿಯೇ ನೋಡಿ. ಪರವಾನಗಿಯಿಲ್ಲದೆ ಗೋವಾದ ಮದ್ಯವನ್ನು ಕರ್ನಾಟಕಕ್ಕೆ ತರುವುದು ಅಪರಾಧ, ಗಡಿಯಲ್ಲಿರುವ ಮಾಜಾಳಿಯ ತನಿಖಾ ಠಾಣೆಯಲ್ಲಿ ಅಬಕಾರಿಯವರು ಡಿಕ್ಕಿ ತೆಗೆಸಿ ನೋಡುತ್ತಾರೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಭಾನುವಾರ ಮತ್ತೆ ಕಾಣಕೋಣಕ್ಕೆ ಹೋಗಿದ್ದೆ. ಅದೇ ಅಂಗಡಿಯಲ್ಲಿ ಮುಂದಿನ ಸಾಲನ್ನು ಬಿಟ್ಟು, ಒಳಗಿನ ಒಡೆಯದ ರಟ್ಟಿನ ಪೆಟ್ಟಿಗೆಯಿಂದ ಲಾಗರ್ ಕೊಡಿರೆಂದು ಕೇಳಿದಾಗ ಅಂಗಡಿಯವರು ನನ್ನನ್ನು ಅಬಕಾರಿ ಇಲಾಖೆಯವನೆಂದು ತಿಳಿದರೋ ಏನೋ, ಮರುಮಾತಿಲ್ಲದೆ ತಂದುಕೊಟ್ಟರು. ಸಿಲಿಂಡರಿನ ವಾಸನೆ ಇರಲಿಲ್ಲ. ಬಿಸಿ ರೊಟ್ಟಿಯ ಮೇಲ್ಪದರದಂಥ ಹಿತವಾದ ಧಾನ್ಯದ ರುಚಿ, ಕೊನೆಗೆ ನಾಲಿಗೆಯ ಅಂಚಿನಲ್ಲಿ ಸಣ್ಣ ಕಹಿ. ಶೋಕೇಸಿನ ಮುಂದಿನ ಸಾಲಿನದನ್ನೂ ಒಂದು ಕೊಂಡು ಪಕ್ಕದಲ್ಲಿಟ್ಟು ಮೂಸಿದೆವು, ಅದರಲ್ಲಿ ಹಳೆಯ ವಾಸನೆ ಹಾಗೆಯೇ ಇತ್ತು. ಐಪಿಎ ಒಂದೂವರೆ ತಿಂಗಳಿನದು ಸಿಕ್ಕಿತು. ರಟ್ಟಿನ ವಾಸನೆ ಇಲ್ಲ, ಮಾವಿನ ಸೊನೆಯ ಘಮ ನಿಜವಾಗಿಯೂ ಇದೆ, ಆದರೆ ಅಷ್ಟು ಕಹಿ ನನಗೆ ಸೇರಲಿಲ್ಲ; ಉಳಿದರ್ಧವನ್ನು ಗೆಳೆಯ ಮುಗಿಸಿದ.