ಸಹಾಯ ಬೇಕು: ಮಾರುತ್ ಮಾದರಿಯ ಮೇಲೆ ಅಂಕಿಗಳು ಒಡೆಯುತ್ತಿವೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆ ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದವರು. ಅವರಿಗೆ ಕೊಡಲೆಂದು ಎಚ್‌ಎಫ್-24 ಮಾರುತ್ ಯುದ್ಧವಿಮಾನದ 1:72 ಅಳತೆಯ ಮಾದರಿ ಮಾಡುತ್ತಿದ್ದೇನೆ. 1961ರ ಜೂನ್ 17ರಂದು ನಮ್ಮ ಬೆಂಗಳೂರಿನಲ್ಲೇ ಮೊದಲ ಬಾರಿ ಹಾರಿದ ವಿಮಾನವಿದು. ಅದರ ಮೇಲೆ ಒಂದು ಅಂಕಿಯೂ ಸೊಟ್ಟಗಾಗಬಾರದು ಎಂಬ ಹಟ ನನ್ನದು.

ರೆಕ್ಕೆಯ ತ್ರಿವರ್ಣ ವೃತ್ತಗಳು ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್‌ಗಳು, ಅಂದರೆ ತೆಳು ಅಂಟುಚಿತ್ರಗಳು. ಮೊದಲು ಮ್ಯಾಟ್ ಬಣ್ಣದ ಮೇಲೆಯೇ ಕೂರಿಸಿದ್ದರಿಂದ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗಿದವು. ಕಿತ್ತು, ಹೊಳಪಿನ ವಾರ್ನಿಷ್ ಹೊಡೆದು, ಒಂದು ದಿನ ಒಣಗಿಸಿ ಹೊಸದನ್ನು ಅಂಟಿಸಿದ ಮೇಲೆ ಸರಿಹೋಯಿತು.

ತೊಡಕಿರುವುದು ಹಾಳೆಯ ಹಿಂಬದಿಯಿಂದ ಉಜ್ಜಿ ಇಳಿಸುವ ಡ್ರೈ ಟ್ರಾನ್ಸ್‌ಫರ್ ಅಂಕಿಗಳಲ್ಲಿ. ಸಪಾಟಾದ ಪ್ಲಾಸ್ಟಿಕ್ ತುಂಡಿನ ಮೇಲೆ ಇಡಿಯಾಗಿ ಇಳಿಯುತ್ತವೆ. ವಿಮಾನದ ದುಂಡನೆಯ ಒಡಲಿನ ಮೇಲೆ, ಅದರಲ್ಲೂ ಪ್ಯಾನೆಲ್ ಗೆರೆ (ತಗಡುಗಳ ಜೋಡಣೆ ತೋರಿಸುವ ಸಣ್ಣ ಗೀರು) ದಾಟುವಲ್ಲಿ, ಸೀಳುತ್ತವೆ. ನಿನ್ನೆ 4ರ ಕಾಲು ಹಾಳೆಯಲ್ಲೇ ಉಳಿದು, ತಲೆ ಮಾತ್ರ ಮಾದರಿಗೆ ಅಂಟಿತು. ಟೇಪ್ ಹಚ್ಚಿ ಹಾಳೆ ಅಲುಗದಂತೆ ಹಿಡಿದೆ, ಬಾಲ್‌ಪೆನ್ ಬಿಟ್ಟು ಐಸ್‌ಕ್ರೀಂ ಕಡ್ಡಿಯ ದುಂಡು ತುದಿಯಿಂದ ಉಜ್ಜಿದೆ, ಹಾಳೆಯನ್ನು ದೀಪದಡಿ ತುಸು ಬೆಚ್ಚಗೂ ಮಾಡಿದೆ. ಪ್ರಯೋಜನವಾಗಲಿಲ್ಲ.

ಈಗ ಉಳಿದಿರುವುದು ಒಂದೇ ಜೊತೆ. ಅದನ್ನು ಮೊದಲು ಪಾರದರ್ಶಕ ಡೆಕಾಲ್ ಹಾಳೆಯ ಮೇಲೆ ಉಜ್ಜಿ ಇಳಿಸಿ, ನಂತರ ನೀರಿನ ಡೆಕಾಲ್‌ನಂತೆ ಅಂಟಿಸುವ ಯೋಚನೆಯಿದೆ. ಹೀಗೆ ಮಾಡಿದವರು ದಯವಿಟ್ಟು ತಿಳಿಸಿ: ನೆನೆಸುವ ಮೊದಲು ಅಂಕಿಗಳ ಮೇಲೆ ವಾರ್ನಿಷ್ ಹೊಡೆಯಲೇಬೇಕೇ? ಡೆಕಾಲ್ ಮೆದುಗೊಳಿಸುವ ದ್ರಾವಣ ತಗುಲಿದರೆ ಅಂಕಿಗಳು ಕರಗುತ್ತವೆಯೇ?