ಪುಟ್ಟಿಗೆ ಉತ್ತರ: ಮೆಕ್ಸಿಕೋ ರೊಟ್ಟಿಗೆ ಭಾವನ ಸುಣ್ಣದ ಡಬ್ಬಿ

ಪುಟ್ಟಿ, ಮನೆ ಗ್ರೂಪಲ್ಲಿ ನೀನು ಕೇಳಿದ್ದಕ್ಕೆ ಟೈಪ್ ಮಾಡ್ತಾ ಕೂತ್ರೆ ಬೆಳಗಾಗುತ್ತೆ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಉದ್ದ ಆಗುತ್ತೆ, ಮೊದಲೇ ಹೇಳ್ಬಿಡ್ತೀನಿ. ತರಕಾರಿ ಹೆಚ್ಕೊಳ್ತಾ ಕೇಳು. ಇಲ್ಲಿ ಮೆಕ್ಸಿಕೋದ ಗ್ವಾದಲಹಾರದಲ್ಲಿ ರಾತ್ರಿ 9.30, ನಿಮಗೆ ಅಲ್ಲಿ ಬೆಳಗ್ಗೆ 9. ನಿಮ್ಮ ಚಿಕ್ಕಪ್ಪ ಆಗಲೇ ಗೊರಕೆ ಶುರು ಮಾಡಿದಾರೆ, ಹಿಂದೆ ಅದೇನು ಸದ್ದು ಅಂತ ಕೇಳ್ಬೇಡಿ ಯಾರೂ.

ನೀನು ಕೇಳಿದ್ದೇನು? ಅಂಗಡಿಯಿಂದ ಟ್ಯಾಕೋ ಡಬ್ಬ ತಂದೆ, ರಾಜ್ಮಾಗೆ ಗರಂ ಮಸಾಲೆ ಹಾಕಿದೆ, ಮೇಲೆ ಚೀಸ್ ಸುರಿದೆ, ಮಕ್ಕಳು ತಿಂದ್ರು, ಆದ್ರೆ ಇದು ನಿಜವಾದ ಮೆಕ್ಸಿಕೋ ಊಟಾನಾ ಅಂತ. ಆಮೇಲೆ ಮುಸುಕಿನ ಜೋಳದ ಹಿಟ್ಟಲ್ಲಿ ಟೋರ್ಟಿಯಾ, ಅಂದ್ರೆ ಇಲ್ಲಿನ ರೊಟ್ಟಿ, ತಟ್ಟೋಕೆ ಹೋದೆ, ಬಿರುಕು ಬಿಟ್ಟು ಚೂರುಚೂರಾಯ್ತು. ಭಾನುವಾರ ಅತ್ತೆ ಮಾವ ಬರ್ತಾರೆ, ಇಬ್ಬರೂ ಸಸ್ಯಾಹಾರಿಗಳು. ಇಷ್ಟೇ ತಾನೇ? ಅದಕ್ಕೆ ಭಾವ "ರೊಟ್ಟಿ ತಾನೇ, ಅದರಲ್ಲೇನಿದೆ" ಅಂತ ಬರೆದಿದಾರೆ. ಭಾವ, ಸ್ವಲ್ಪ ಇರಿ, ನಿಮ್ಮ ಹತ್ರಾನೂ ಬರ್ತೀನಿ.

ಮೊದಲು ಆ ಡಬ್ಬದ ವಿಷಯ. ಅಪ್ಪಳದ ಹಾಗೆ ಗಟ್ಟಿ, ಮಡಚಿದ ಟ್ಯಾಕೋ, ಹಳದಿ ಚೀಸಿನ ಸಾಸು, ಅದೆಲ್ಲ ಟೆಕ್ಸಸ್ ಕಡೆ ಅಮೆರಿಕದವರ ರುಚಿ. ತಪ್ಪೇನಿಲ್ಲ, ತಿನ್ನಿ. ನಾಚೋಸ್, ಅಂದ್ರೆ ಕರಿದ ಟೋರ್ಟಿಯಾ ಚೂರಿನ ಮೇಲೆ ಚೀಸ್ ಕರಗಿಸಿದ್ದು, ಹುಟ್ಟಿದ್ದೇನೋ ಮೆಕ್ಸಿಕೋದಲ್ಲೇ. 1940ರ ದಶಕದಲ್ಲಿ ಅಮೆರಿಕದ ಗಡಿಗೆ ಅಂಟಿಕೊಂಡಿರೋ ಪಿಯೆದ್ರಾಸ್ ನೆಗ್ರಾಸ್ ಅನ್ನೋ ಊರಲ್ಲಿ, ಇಗ್ನಾಸಿಯೋ ಅನಾಯಾ ಅನ್ನೋರು ಗಡಿ ದಾಟಿ ಬಂದ ಅಮೆರಿಕದ ಹೆಂಗಸರಿಗೆ ಅಂತ ಕೈಗೆ ಸಿಕ್ಕಿದ್ದರಲ್ಲಿ ಮಾಡಿಕೊಟ್ಟಿದ್ದು. ಆದ್ರೆ ನನ್ನ ಪಕ್ಕದ ಮನೆ ಅಜ್ಜಿ ಇದಾರಲ್ಲ, ದೋನ್ಯಾ, ಅಂದ್ರೆ ನಮ್ಮ ಅಮ್ಮಾವ್ರು ಅನ್ನೋ ಹಾಗೆ, ಅಂತಲೇ ನಾನು ಕರೆಯೋದು, ಅವರ ಮನೇಲಿ ಈ ಆರು ವರ್ಷದಲ್ಲಿ ಒಂದು ದಿನಾನೂ ನಾಚೋಸ್ ನೋಡಿಲ್ಲ. ಅಲ್ಲಿ ದಿನಾ ಇರೋದು ಮೂರೇ: ಟೋರ್ಟಿಯಾ, ಬೇಯಿಸಿದ ಕಾಳು, ಸಾಲ್ಸಾ. ನಮ್ಮಲ್ಲಿ ಮುದ್ದೆ, ಸಾರು, ಚಟ್ನಿ ಇದ್ದ ಹಾಗೆ. ನೀನು ಭಾನುವಾರ ಈ ಮೂರನ್ನೇ ಮಾಡು.

ಈಗ ರೊಟ್ಟಿ ಯಾಕೆ ಒಡೀತು ಅಂತ. ನಿನ್ನ ಕೈದು ತಪ್ಪಲ್ಲ ಕಣೇ, ಹಿಟ್ಟಿನದು. ಇವರು ಜೋಳವನ್ನ ಒಣಗಿದ ಹಾಗೇ ಬೀಸಲ್ಲ. ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯೆಲ್ಲಾ ನೆನೆಯೋಕೆ ಬಿಟ್ಟು, ತೊಳೆದು, ಹಸಿಯಾಗೇ ರುಬ್ತಾರೆ. ಹೌದು ಭಾವ, ಸುಣ್ಣ! ನೀವು ಎಲೆಗೆ ಹಚ್ಕೊಳ್ತೀರಲ್ಲ, ಅದೇ. ಹೀಗೆ ಬೇಯಿಸಿದ ಜೋಳಕ್ಕೆ ನಿಕ್ಸ್ತಮಾಲ್ ಅಂತಾರೆ. ಅದು ಇಲ್ಲಿನ ನಾವಾತ್ಲ್ ಭಾಷೆ ಮಾತು, ಅದರಲ್ಲಿ ಬೂದಿ ಅನ್ನೋ ಪದ ಸೇರ್ಕೊಂಡಿದೆ. ಬೂದಿ ನೀರಲ್ಲೂ ಬೇಯಿಸ್ತಿದ್ರು ಅನ್ನೋದರ ಗುರುತು ಅದು. ಸುಣ್ಣ ಏನು ಮಾಡುತ್ತೆ ಅಂದ್ರೆ, ಕಾಳಿನ ಮೇಲಿನ ಗಟ್ಟಿ ಸಿಪ್ಪೆ ಕರಗಿ ಸಡಿಲ ಆಗುತ್ತೆ, ಹಿಟ್ಟಿಗೆ ಅಂಟು ಬರುತ್ತೆ. ಒಣ ಹಿಟ್ಟಲ್ಲಿ ಎಷ್ಟು ನಾದಿದ್ರೂ ಆ ಅಂಟು ಬರಲ್ಲ.

ಇನ್ನೊಂದು ಗುಟ್ಟೂ ಇದೆ. ಜೋಳದಲ್ಲಿ ನಯಾಸಿನ್ ಅನ್ನೋ ಬಿ ವಿಟಮಿನ್ ಇದ್ರೂ ಅದು ಬಿಗಿದು ಕೂತಿರುತ್ತೆ, ನಮ್ಮ ಮೈಗೆ ಸಿಗಲ್ಲ. ಸುಣ್ಣ ಅದನ್ನ ಬಿಡಿಸಿ ಕೊಡುತ್ತೆ. ಸ್ಪೇನಿನವರು ಇಲ್ಲಿಂದ ಜೋಳ ಹೊತ್ಕೊಂಡು ಹೋದ್ರು, ಸುಣ್ಣ ಇಲ್ಲೇ ಬಿಟ್ಟು ಹೋದ್ರು. ಮುಂದೆ ಇಟಲಿಯ ಉತ್ತರದಲ್ಲಿ, ಆಮೇಲೆ ಅಮೆರಿಕದ ದಕ್ಷಿಣದಲ್ಲಿ, ಬರೀ ಜೋಳ ತಿಂದು ಬದುಕ್ತಿದ್ದ ಬಡವರಿಗೆ ಪೆಲಾಗ್ರಾ ಅನ್ನೋ ಕಾಯಿಲೆ ಬಂತು. ಚರ್ಮ ಸುಲಿಯೋದು, ಭೇದಿ, ಬುದ್ಧಿಭ್ರಮಣೆ. ಇಲ್ಲಿಯವರು ಸಾವಿರಾರು ವರ್ಷದಿಂದ ಅದೇ ಜೋಳ ತಿಂದ್ಕೊಂಡು ಗಟ್ಟಿಮುಟ್ಟಾಗಿದ್ರು.

ಸರಿ, ಅಳತೆ ಬರ್ಕೋ. ಒಣ ಮುಸುಕಿನ ಜೋಳ ಅರ್ಧ ಕೆಜಿ. ಸ್ವೀಟ್ ಕಾರ್ನ್ ಬೇಡವೇ ಬೇಡ. ದಾವಣಗೆರೆ, ಹಾವೇರಿ ಕಡೆ ರಾಶಿ ರಾಶಿ ಬೆಳೆಯೋ ಕಾಳು ಇದ್ಯಲ್ಲ, ಅದನ್ನೇ ದಿನಸಿ ಅಂಗಡೀಲಿ ಕೇಳು. ಬಿತ್ತನೆ ಬೀಜ ಮಾತ್ರ ತರಬೇಡ, ಅದಕ್ಕೆ ಔಷಧಿ ಬೆರೆಸಿರ್ತಾರೆ. ನೀರು ಒಂದೂವರೆ ಲೀಟರ್. ಸುಣ್ಣ, ಪುಡಿ ಆದ್ರೆ 5 ಗ್ರಾಂ, ಬೀಡಾ ಅಂಗಡಿಯ ತಿನ್ನೋ ಸುಣ್ಣ ಆದ್ರೆ ಎರಡು ಟೀ ಚಮಚ, ಅದರಲ್ಲಿ ನೀರು ಸೇರಿರುತ್ತಲ್ಲ. ಬಿಳೀದೇ ತಗೋ, ಬಣ್ಣ ವಾಸನೆ ಹಾಕಿದ್ದು ಬೇಡ. ಗೋಡೆಗೆ ಬಳಿಯೋದಂತೂ ಬೇಡವೇ ಬೇಡ. ಸುಣ್ಣ ನೀರಲ್ಲಿ ಕದಡಿ, ಜೋಳ ಹಾಕಿ, ಕುದಿ ಬಂದ ಮೇಲೆ ಸಣ್ಣ ಉರೀಲಿ 30–40 ನಿಮಿಷ. ಒಂದು ಕಾಳು ತೆಗೆದು ಬೆರಳಲ್ಲಿ ಉಜ್ಜು. ಸಿಪ್ಪೆ ಜಾರಿ ಬಂದ್ರೆ ಸಾಕು, ಒಳಗೆ ಗಟ್ಟಿಯಾಗೇ ಇರಬೇಕು, ಅನ್ನದ ಹಾಗೆ ಬೇಯಬಾರದು. ಮುಚ್ಚಿಟ್ಟು ಮಲಗು. ಬೆಳಗ್ಗೆ ಆ ಹಳದಿ ನೀರು ಚೆಲ್ಲಿ, ಕೈಯಲ್ಲಿ ಉಜ್ಜಿ ಉಜ್ಜಿ ಎರಡು ಮೂರು ಸಲ ತೊಳಿ. ಅಲ್ಲೊಂದು ಇಲ್ಲೊಂದು ಸಿಪ್ಪೆ ಉಳಿದ್ರೆ ಒಳ್ಳೇದೇ, ಹಿಟ್ಟು ಹಿಡಿಯುತ್ತೆ.

ರುಬ್ಬೋದೇ ಕಷ್ಟ. ಹಿಟ್ಟಿನ ಗಿರಣಿಗೆ ಹಸಿ ಕಾಳು ತಗೊಂಡು ಹೋದ್ರೆ ಬೈದು ಕಳಿಸ್ತಾರೆ. ಮಿಕ್ಸಿ ಬಿಸಿಯಾಗಿ ಸುಟ್ಟ ವಾಸನೆ ಬರುತ್ತೆ. ನಿನ್ನ ಹತ್ರ ಗ್ರೈಂಡರ್ ಇದೆಯಲ್ಲ, ಸ್ವಲ್ಪ ಸ್ವಲ್ಪ ಹಾಕಿ, ನೀರು ಚಿಮುಕಿಸಿ, ಅಷ್ಟೇ, ದೋಸೆ ಹಿಟ್ಟಿನ ಹಾಗೆ ಸುರೀಬೇಡ. ತೆಳ್ಳಗಾಯ್ತೋ, ಒಗೆದ ಪಂಚೆ ಮೇಲೆ ಹರಡು, ನೀರು ಹೀರ್ಕೊಳ್ಳುತ್ತೆ. ಇಲ್ಲಿ ಹಿಂದೆ ಮೆತಾತೆ ಅನ್ನೋ ಇಳಿಜಾರು ಕಲ್ಲಿನ ಮೇಲೆ ಮಂಡಿಯೂರಿ ಕೂತು ಅರೀತಿದ್ರು. ದೋನ್ಯಾ ಅವರ ಅಮ್ಮಂದು ಇನ್ನೂ ಅಂಗಳದಲ್ಲಿದೆ, ಅದರ ಮೇಲೆ ಈಗ ಹೂಕುಂಡ ಇಟ್ಟಿದಾರೆ. ನಿಜ ಹೇಳ್ಬೇಕು ಅಂದ್ರೆ ಪೇಟೇಲಿ ಹೆಚ್ಚಿನವರು ಮನೇಲಿ ಇಷ್ಟೆಲ್ಲಾ ಮಾಡಲ್ಲ ಪುಟ್ಟಿ. ಬೀದಿ ಕೊನೇಲಿ ಟೋರ್ಟಿಯಾ ಅಂಗಡಿ ಇದೆ, ಮಧ್ಯಾಹ್ನ ಬಟ್ಟೆ ಹಿಡ್ಕೊಂಡು ಹೋಗಿ ಕೆಜಿ ಲೆಕ್ಕದಲ್ಲಿ ಬಿಸಿಬಿಸಿ ತರ್ತೀವಿ. ನಿನಗೂ ಸಾಕಾದ್ರೆ ಮಾಸಾ ಹರೀನಾ ಅಂತ ಪೊಟ್ಟಣದ ಹಿಟ್ಟು ಬರುತ್ತೆ, ಅದು ಸುಣ್ಣ ಕಂಡ ಜೋಳದ್ದೇ. ಬರೀ ಕಾರ್ನ್ ಫ್ಲೋರ್ ತಂದು ನನಗೆ ಬೈಬೇಡ, ಅದು ಗಂಜಿ ಪುಡಿ.

ಅಯ್ಯೋ, ಒಂದು ನಿಮಿಷ, ಬಾಗಿಲು... ಏನಿಲ್ಲ, ಗಾಳಿ.

ಹಾ, ತಟ್ಟೋದು. ಉಪ್ಪು ಬೇಕಿಲ್ಲ. ದೊಡ್ಡ ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಒತ್ತಿ ನೋಡು, ಅಂಚು ಬಿರಿದ್ರೆ ನೀರು ಸಾಲದು, ಕೈಗೆ ಮೆತ್ತಿದ್ರೆ ಜಾಸ್ತಿ. ಹಾಲಿನ ಕವರ್ ಕತ್ತರಿಸಿ ಎರಡರ ಮಧ್ಯೆ ಇಟ್ಟು, ಭಾರದ ತಟ್ಟೆಯಿಂದ ಒತ್ತು. ಕಾವಲಿ ಚೆನ್ನಾಗಿ ಕಾದಿರ್ಬೇಕು, ಎಣ್ಣೆ ಬೇಡ. ಮೊದಲು 20 ಸೆಕೆಂಡ್, ಅಂಚು ಎದ್ದ ತಕ್ಷಣ ತಿರುಗಿಸು. ಆ ಕಡೆ ಒಂದು ನಿಮಿಷದ ಹತ್ತಿರ. ಮತ್ತೆ ತಿರುಗಿಸಿ ಮಧ್ಯದಲ್ಲಿ ಮೆಲ್ಲಗೆ ಒತ್ತು, ಉಬ್ಬುತ್ತೆ. ಉಬ್ಬಿದ್ರೆ ಇಲ್ಲಿ "ಇನ್ನು ನಿನಗೆ ಮದುವೆ ಮಾಡಬಹುದು" ಅಂತಾರೆ. ನನ್ನದು ಮೊದಲ ಸಲ ಉಬ್ಬಿದಾಗ ದೋನ್ಯಾ ಹಾಗೆ ಅಂದ್ರು. ಮದುವೆಯಾಗಿ ಹದಿನಾಲ್ಕು ವರ್ಷ ಆಗಿತ್ತು, ನಿಮ್ಮ ಚಿಕ್ಕಪ್ಪ ಪಕ್ಕದಲ್ಲೇ ನಿಂತು ನಗ್ತಿದ್ರು. ಒಂದು ಮಾತು, ಇದನ್ನ ಫುಲ್ಕದ ಹಾಗೆ ನೇರ ತಟ್ಟೆಗೆ ಹಾಕ್ಬೇಡ. ದಪ್ಪ ಬಟ್ಟೇಲಿ ಸುತ್ತಿ ಡಬ್ಬೀಲಿ ಹತ್ತು ನಿಮಿಷ ಬಿಡು, ಆ ಹಬೇಲೇ ಮೆತ್ತಗಾಗೋದು.

ಕಾಳು ಸುಲಭ. ಚಿತ್ರಾ ರಾಜ್ಮಾ ತಗೋ, ಈರುಳ್ಳಿ ಅರ್ಧ, ಬೆಳ್ಳುಳ್ಳಿ ಎರಡು ಎಸಳು, ನೀರು. ಕುಕ್ಕರ್ ಇಟ್ರೆ ಯಾರೂ ನಗಲ್ಲ, ಇಲ್ಲೂ ಮನೆಮನೇಲಿ ಕುಕ್ಕರ್ ಇದೆ. ಬೆಂದ ಮೇಲೆ ಉಪ್ಪು. ಮುಗೀತು! ಎಪಸೋತೆ ಅಂತ ಒಂದು ಘಾಟು ಸೊಪ್ಪು ಹಾಕ್ತಾರೆ, ನಿನಗೆ ಸಿಗಲ್ಲ, ಬಿಟ್ಟುಬಿಡು, ಅದರ ಬದಲಿಗೆ ಅಂತ ಕರಿಬೇವು ಹಾಕ್ಬೇಡ. ಅದೇ ಕಾಳನ್ನ ಬಾಣಲೇಲಿ ಮಸೆದು ಹುರಿದ್ರೆ ರೆಫ್ರೀತೋಸ್. ಅದನ್ನ ಇಲ್ಲಿ ಹಂದಿ ಕೊಬ್ಬಲ್ಲಿ ಹುರಿಯೋದೇ ಹೆಚ್ಚು, ನೀನು ಎಣ್ಣೇಲಿ ಮಾಡು.

ಸಾಲ್ಸಾಗೆ ನಾಟಿ ಟೊಮೆಟೊ ಮೂರು, ಹಸಿಮೆಣಸಿನಕಾಯಿ ಎರಡು, ಸಿಪ್ಪೆ ಸಮೇತ ಒಂದು ಎಸಳು ಬೆಳ್ಳುಳ್ಳಿ, ಒಂದು ತುಂಡು ಈರುಳ್ಳಿ. ಎಲ್ಲಾ ಒಣ ಕಾವಲಿ ಮೇಲೆ ಕಪ್ಪು ಮಚ್ಚೆ ಬರೋ ತನಕ ಸುಡು. ಸುಟ್ಟ ಬದನೆಕಾಯಿ ಗೊಜ್ಜಿಗೆ ಸುಡ್ತೀವಲ್ಲ, ಆ ಧೈರ್ಯ ಇರಲಿ. ಬೆಳ್ಳುಳ್ಳಿ ಸುಲಿದು ಉಪ್ಪಿನ ಜೊತೆ ಮೊದಲು ಕುಟ್ಟು, ಆಮೇಲೆ ಮೆಣಸಿನಕಾಯಿ, ಈರುಳ್ಳಿ, ಕೊನೇಲಿ ಟೊಮೆಟೊ. ಮಿಕ್ಸೀಲಿ ನುಣ್ಣಗೆ ಮಾಡ್ಬೇಡ. ಒಗ್ಗರಣೆ ಇಲ್ಲ! ನಾನು ಬಂದ ಹೊಸದರಲ್ಲಿ ಕೈ ಕೇಳದೆ ಸಾಸಿವೆ ಇಂಗು ಹಾಕಿ ದೋನ್ಯಾಗೆ ಕೊಟ್ಟೆ. ಪಾಪ, ಮರ್ಯಾದೆಗೆ ತಿಂದು, ಇದು ಹೊಟ್ಟೆನೋವಿಗೆ ಒಳ್ಳೇದಾ ಅಂತ ಕೇಳಿದ್ರು. ಜೀರಿಗೇನೂ ತಡೆದು ಹಾಕು, ಸಿಕ್ಕಿದ್ದಕ್ಕೆಲ್ಲಾ ಜೀರಿಗೆ ಸುರಿಯೋದು ಟೆಕ್ಸಸ್ ರೂಢಿ.

ಕೆಂಪು ಸಾಲ್ಸಾ ಬೇಕಾ? ಬ್ಯಾಡಗಿ ಇದೆಯಲ್ಲ. ಇಲ್ಲಿನ ಗ್ವಾಹಿಯೋ ಮೆಣಸಿನಕಾಯಿಗೆ ಹತ್ತಿರ ಬರುತ್ತೆ, ಬಣ್ಣ ಜಾಸ್ತಿ, ಖಾರ ಕಮ್ಮಿ. ಬೀಜ ತೆಗೆದು, ಕಾವಲಿ ಮೇಲೆ ಎರಡೇ ಕ್ಷಣ ಬಾಡಿಸಿ, ಬಿಸಿನೀರಲ್ಲಿ ನೆನೆಸಿ ರುಬ್ಬು. ಕರಕಲಾದ್ರೆ ಕಹಿ. ಬದಲಿ ಅಂತ ಸಂಕೋಚ ಬೇಡ ಕಣೇ, ಮೆಣಸಿನಕಾಯಿ ಹೋಗಿದ್ದೇ ಈ ಕಡೆಯಿಂದ. ಪೋರ್ಚುಗೀಸರು ಗೋವಾಕ್ಕೆ ತರೋ ತನಕ ನಮಗೆ ಖಾರ ಅಂದ್ರೆ ಕರಿಮೆಣಸೇ. ಅದಕ್ಕೇ ಹೊಸ ಕಾಯಿಗೆ ಮೆಣಸಿನ ಕಾಯಿ ಅಂತ ಹಳೇ ಹೆಸರೇ ಅಂಟಿಸಿದ್ವಿ. ಟೊಮೆಟೊ, ಸೀಬೆ, ಪರಂಗಿ, ಸಪೋಟ ಎಲ್ಲಾ ಈ ಕಡೆಯವೇ. ಕೊತ್ತಂಬರಿ, ಈರುಳ್ಳಿ, ನಿಂಬೆ ಆ ಕಡೆಯಿಂದ ಇಲ್ಲಿಗೆ ಬಂದವು.

ಮೋಲೆ ಕೇಳಿದ್ದೆ ಅಲ್ವಾ, ಚಾಕೊಲೇಟ್ ಹಾಕೋ ಗಟ್ಟಿ ಮಸಾಲೆ ಗೊಜ್ಜು? ಅದು ಭಾನುವಾರಕ್ಕಲ್ಲ. ಹಲವು ಬಗೆ ಒಣಮೆಣಸಿನಕಾಯಿ, ಎಳ್ಳು, ಬಾದಾಮಿ, ಕಡಲೆಬೀಜ, ಒಂದೊಂದನ್ನೂ ಬೇರೆಬೇರೆ ಹುರೀಬೇಕು, ಮದುವೆ ಮನೆ ಕೆಲಸ. ಕುಡಿಯೋಕೆ ಹುಣಸೆಹಣ್ಣಿನ ಪಾನಕ ಮಾಡು, ಇಲ್ಲೂ ಅದೇ ಕುಡೀತಾರೆ. ಸಿಹಿಗೆ ರಾಜಗಿರಿ ಚಿಕ್ಕಿ ತಂದಿಡು. ಇಲ್ಲಿ ಅದೇ ಬೀಜ ಅರಳಿಸಿ ಬೆಲ್ಲದಂಥ ಪಿಲೋನ್ಸಿಯೋ ಪಾಕದಲ್ಲಿ ಕಟ್ತಾರೆ, ಹೆಸರು ಅಲೆಗ್ರಿಯಾ, ಅಂದ್ರೆ ಸಂತೋಷ. ನಿಮ್ಮತ್ತೆಗೆ ಹೆಸರು ಹೇಳಿ ಕೊಡು, ಖುಷಿಪಡ್ತಾರೆ.

ಸರಿ, ಇಡ್ತೀನಿ. ಏ ಪುಟ್ಟಿ, ಮರೆತೆ, ಅಲ್ಯೂಮಿನಿಯಂ ಪಾತ್ರೇಲಿ ಜೋಳ ಬೇಯಿಸ್ಬೇಡ, ಸುಣ್ಣ ಅದನ್ನ ತಿನ್ನುತ್ತೆ, ಸ್ಟೀಲೇ ಇರಲಿ. ಭಾವ, ಶನಿವಾರ ಸಂಜೆ ಒಳಗೆ ಅವಳಿಗೆ ಸುಣ್ಣ ತಲುಪಿಸಿ. ನಿಮ್ಮ ಡಬ್ಬೀದು ಬೇಡ, ಹೊಗೆಸೊಪ್ಪು ಬಿದ್ದಿರುತ್ತೆ, ಹೊಸದು ತಗೊಳ್ಳಿ.